ದಿಲ್ಲಿ ಬಾಣಸಿಗರ ಚಳಿಗಾಲದ ಸಿಹಿ, ಧಾರವಾಡದ ಒಲೆಯ ಮೇಲೆ

ಸಂಜೀವ ಕಪೂರ್ ಹುಟ್ಟಿದ್ದು ಅಂಬಾಲಾದಲ್ಲಿ, ರಣವೀರ್ ಬ್ರಾರ್ ಲಖನೌದಲ್ಲಿ, ಕುನಾಲ್ ಕಪೂರ್ ದಿಲ್ಲಿಯಲ್ಲಿ. 1993ರಲ್ಲಿ ಝೀ ಟಿ.ವಿ.ಯಲ್ಲಿ ‘ಖಾನಾ ಖಜಾನಾ’ ಅಡುಗೆ ಕಾರ್ಯಕ್ರಮ ಶುರುವಾದಾಗಿನಿಂದ ಇವತ್ತಿನ ಮೊಬೈಲ್ ವೀಡಿಯೊಗಳವರೆಗೆ ಚಳಿಗಾಲದ ತಿನಿಸುಗಳನ್ನು ಮನೆಮನೆಗೆ ಕಲಿಸಿದ ದೊಡ್ಡ ಹೆಸರುಗಳಲ್ಲಿ ಹೆಚ್ಚಿನವು ಉತ್ತರದವೇ. ಅವರು ಮನಸ್ಸಿನಲ್ಲಿಟ್ಟುಕೊಂಡ ಚಳಿಯೂ ಅಲ್ಲಿಯದೇ. ತುಪ್ಪ ಡಬ್ಬಿಯಲ್ಲಿ ಕಲ್ಲಾಗುವ ಚಳಿ, ಸಂತೆ ತುಂಬ ಕೆಂಪು ಗಾಜರ್ ಸಿಗುವ ಚಳಿ. ರೆಸಿಪಿಯಲ್ಲಿ ಇದನ್ನು ಬರೆದಿರುವುದಿಲ್ಲ. ಅಲ್ಲಿ ಅದು ಹೇಳಬೇಕಾದ ಸಂಗತಿಯೇ ಅಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಡಿಸೆಂಬರಿನ ಬೆಳಗು ಸುಮಾರು 14-15 ಡಿಗ್ರಿಗೆ ಇಳಿದರೂ ಮಧ್ಯಾಹ್ನ 28-29ಕ್ಕೆ ಏರುತ್ತದೆ. ಬೆಳಿಗ್ಗೆ ಗಟ್ಟಿಯಿದ್ದ ಉಂಡಿ ಊಟದ ಹೊತ್ತಿಗೆ ಕುಸಿಯುವುದು ಇದರಿಂದಲೇ. ಗಜ್ಜರಿ ಬೇರೆ, ಹಾಲು ಬೇರೆ, ಬೆಲ್ಲ ಬೇರೆ, ನೀರು ಕುದಿಯುವ ಉಷ್ಣತೆಯೂ ತುಸು ಬೇರೆ. ಈ ಬಾಣಸಿಗರ ಮಾದರಿಯ ಗಾಜರ್ ಹಲ್ವಾ, ಗೋಂದ್ (ತಿನ್ನುವ ಅಂಟು) ಲಡ್ಡು, ಹೆಸರುಬೇಳೆ ಹಲ್ವಾ, ಎಳ್ಳಿನ ಚಿಕ್ಕಿ, ಟೊಮೆಟೊ ಸೂಪುಗಳನ್ನು ಧಾರವಾಡದ ಒಲೆಯ ಮೇಲೆ ತೂಕ ಹಾಕಿ, ಗಡಿಯಾರ ನೋಡಿ ಮಾಡಿದಾಗ ತಿಳಿದದ್ದು ಇಷ್ಟು: ಕೆಲಸದ ಕ್ರಮವನ್ನು, ಅಂದರೆ ಯಾವುದು ಮೊದಲು, ಯಾವುದು ಆಮೇಲೆ, ಉರಿ ಎಷ್ಟು ಎಂಬುದನ್ನು ಅವರಿಂದ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಸಕ್ಕರೆ, ತುಪ್ಪ ಎಷ್ಟು, ಉಂಡಿ ಯಾವುದರಿಂದ ಕಟ್ಟಬೇಕು, ಎಷ್ಟು ಹೊತ್ತು ಬೇಯಿಸಬೇಕು ಎಂಬುದನ್ನು ಈ ಊರಿನ ಸಾಮಾನಿಗೆ ತಕ್ಕಂತೆ ತಿದ್ದಿಕೊಳ್ಳಲೇಬೇಕು.

ಮೊದಲು ಅಳತೆ. ವೀಡಿಯೊದ ‘ಒಂದು ಕಪ್’ ಎಂದರೆ 240 ಅಥವಾ 250 ಮಿ.ಲೀ. ನಮ್ಮ ಸ್ಟೀಲ್ ವಾಟಗಕ್ಕೂ ಅದಕ್ಕೂ ಸಂಬಂಧವಿಲ್ಲ. ವಾಟಗ 150 ಮಿ.ಲೀ. ಇರಬಹುದು, 200 ಇರಬಹುದು. ಒಂದು ಕಪ್ ಸಕ್ಕರೆ 200 ಗ್ರಾಂ, ಅದೇ ಕಪ್ಪಿನ ಗೋಧಿಹಿಟ್ಟು ಬರೀ 120-130 ಗ್ರಾಂ. ತುರಿದ ಬೆಲ್ಲವಂತೂ ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಹೀಗಾಗಿ ಇಲ್ಲಿರುವುದೆಲ್ಲ ಗ್ರಾಂ ಲೆಕ್ಕ. ಸಿಹಿ ಮಾಡುವ ಮನೆಯಲ್ಲಿ ಅಡುಗೆ ತಕ್ಕಡಿಯೊಂದು ಇರಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಗಜ್ಜರಿ ಹಲ್ವಾ

ಹಲ್ವಾದ ಮುಕ್ಕಾಲು ಭಾಗ ಸಂತೆಯಲ್ಲೇ ತೀರ್ಮಾನವಾಗುತ್ತದೆ. ಉತ್ತರದ ಕೆಂಪು ಗಾಜರ್‌ಗೆ ಬಣ್ಣ ಬರುವುದು ಲೈಕೋಪೀನ್‌ನಿಂದ, ಅಂದರೆ ಟೊಮೆಟೊದಲ್ಲಿರುವ ಅದೇ ವಸ್ತುವಿನಿಂದ. ಅದರಲ್ಲಿ ರಸ ಹೆಚ್ಚು, ಸಿಹಿ ಹೆಚ್ಚು, ನಡುವಿನ ದಿಂಡು ಮೆತ್ತಗೆ. ನಮ್ಮ ಮಾರುಕಟ್ಟೆಯಲ್ಲಿ ವರ್ಷವಿಡೀ ಸಿಗುವ ಕೇಸರಿ ಬಣ್ಣದ ಗಜ್ಜರಿಯಲ್ಲಿರುವುದು ಬೀಟಾ ಕ್ಯಾರೊಟಿನ್. ದಪ್ಪ ಕಾಯಿಯಾದರೆ ಒಳಗಿನ ಹಳದಿ ದಿಂಡು ನಾರುನಾರಾಗಿ ಎಷ್ಟು ಬೇಯಿಸಿದರೂ ಹಲ್ಲಿಗೆ ಸಿಗುತ್ತದೆ. ಚಳಿಗಾಲದಲ್ಲಿ ಕೆಂಪು ಗಜ್ಜರಿ ಕಣ್ಣಿಗೆ ಬಿದ್ದರೆ ಮರುಮಾತಿಲ್ಲದೆ ಅದನ್ನೇ ತರಬೇಕು. ಸಿಗದಿದ್ದರೆ ಹೆಬ್ಬೆರಳಿಗಿಂತ ಸ್ವಲ್ಪವೇ ದಪ್ಪಗಿರುವ ಎಳೆಯ ಕೇಸರಿ ಗಜ್ಜರಿ ಆರಿಸಬೇಕು. ತುದಿ ಹಸಿರಾದದ್ದು ಕಹಿ, ಅದನ್ನು ಒಂದು ಇಂಚು ಕತ್ತರಿಸಿ ಎಸೆಯಬೇಕು.

ನಾವು ಮಾಡಿದ್ದು 1 ಕಿಲೊ ಕೇಸರಿ ಗಜ್ಜರಿಯದು. ಸಿಪ್ಪೆ, ತುದಿ ತೆಗೆದ ಮೇಲೆ 850 ಗ್ರಾಂ ಉಳಿಯಿತು. ಇದಕ್ಕೆ 1 ಲೀಟರ್ ಗಟ್ಟಿ ಹಾಲು, 60 ಗ್ರಾಂ ತುಪ್ಪ, 160 ಗ್ರಾಂ ಸಕ್ಕರೆ, 150 ಗ್ರಾಂ ಖೋವಾ, 6 ಯಾಲಕ್ಕಿ, ಒಂದು ಚಿಟಿಕೆ ಉಪ್ಪು. ಕೆಂಪು ಗಜ್ಜರಿಯಾದರೆ ಸಕ್ಕರೆ 130 ಗ್ರಾಂ ಸಾಕು. ಉಪ್ಪನ್ನು ಬಿಡಬಾರದು, ಅದಿಲ್ಲದೆ ಸಿಹಿ ಚಪ್ಪೆಯೆನಿಸುತ್ತದೆ.

ಹಾಲಿನ ವಿಷಯ. ನಂದಿನಿಯ ಸಮೃದ್ಧಿಯಲ್ಲಿ ಕೊಬ್ಬು 6 ಪ್ರತಿಶತ, ಶುಭಂನಲ್ಲಿ 4.5, ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ 3. ನೀಲಿ ಪ್ಯಾಕೆಟ್ಟಿನಿಂದ ಹಲ್ವಾ ಆಗುತ್ತದೆ, ಆದರೆ ಬತ್ತಿಸುವ ಹೊತ್ತು ಅಷ್ಟೇ ಹಿಡಿದು ಕೊನೆಗೆ ಕೈಗೆ ಬರುವ ಕೆನೆ ಅರ್ಧ. ಗೌಳಿಗರ ಮನೆಯ ಎಮ್ಮೆ ಹಾಲು ಸಿಗುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಖೋವಾ ಲೆಕ್ಕದಲ್ಲೂ ಇದು ಕಾಣುತ್ತದೆ: 1 ಲೀಟರ್ ಎಮ್ಮೆ ಹಾಲಿಗೆ ಸುಮಾರು 210-230 ಗ್ರಾಂ ಖೋವಾ ಬಂದರೆ, ಆಕಳ ಹಾಲಿಗೆ 170-190 ಗ್ರಾಂ ಮಾತ್ರ. ಅಂಗಡಿ ಖೋವಾ ತಂದರೆ ಚೂರು ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿ: ತುಪ್ಪದ ಪಸೆ ಬಿಟ್ಟು ಹಾಲಿನ ವಾಸನೆ ಬರಬೇಕು. ಹಿಟ್ಟು ಬೆರೆತ ಅನುಮಾನವಿದ್ದರೆ ಚೂರನ್ನು ನೀರಲ್ಲಿ ಕುದಿಸಿ, ತಣ್ಣಗಾದ ಮೇಲೆ ಒಂದು ಹನಿ ಅಯೋಡಿನ್ ಬಿಟ್ಟರೆ ಸಾಕು. ಪಿಷ್ಟ ಇದ್ದರೆ ನೀಲಿಗಟ್ಟುತ್ತದೆ.

ತುರಿಯುವುದು ದಪ್ಪ ತೂತಿನ ತುರಿಮಣೆಯಲ್ಲಿ, ಗಜ್ಜರಿಯನ್ನು ಉದ್ದಕ್ಕೆ ಹಿಡಿದು. ಎಳೆ ಉದ್ದವಾಗಿ ಬಂದರೆ ಹಲ್ವಾದಲ್ಲಿ ಗಜ್ಜರಿ ಗಜ್ಜರಿಯಾಗಿಯೇ ಉಳಿಯುತ್ತದೆ. ಮಿಕ್ಸರಿನಲ್ಲಿ ತಿರುವಿದರೆ ರಸವೆಲ್ಲ ಒಮ್ಮೆಲೇ ಹೊರಬಂದು ಕೊನೆಗೆ ಜಾಮಿನಂತೆ ಮುದ್ದೆಯಾಗುತ್ತದೆ.

ಪಾತ್ರೆ ಅಗಲವಾಗಿರಬೇಕು, ತಳ ದಪ್ಪವಿರಬೇಕು. ಎತ್ತರದ ಬೋಗುಣಿಯಲ್ಲಿ ನೀರು ಆವಿಯಾಗಲು ಜಾಗವಿಲ್ಲ, ಅರ್ಧ ಗಂಟೆಯ ಕೆಲಸ ಒಂದು ಗಂಟೆ ಹಿಡಿಯುತ್ತದೆ. 28-30 ಸೆಂ.ಮೀ. ಅಗಲದ ದಪ್ಪ ತಳದ ಸ್ಟೀಲ್ ಕಡಾಯಿ ಚೆನ್ನಾಗಿ ಬಂತು. ಕಬ್ಬಿಣದ ಕಡಾಯಿ ಬೇಡ, ಬಣ್ಣ ಕಪ್ಪಿಡುತ್ತದೆ.

ಮೊದಲು 30 ಗ್ರಾಂ ತುಪ್ಪದಲ್ಲಿ ತುರಿಯನ್ನು ಮಧ್ಯಮ ಉರಿಯಲ್ಲಿ 10-12 ನಿಮಿಷ ಹುರಿಯುವುದು. ಹಸಿ ವಾಸನೆ ಹೋಗಿ ತುರಿ ಕುಗ್ಗಿ ಅರ್ಧಕ್ಕೆ ಬರುತ್ತದೆ. ಈ ಹಂತವನ್ನು ಅವಸರದವರು ಬಿಟ್ಟು ನೇರ ಹಾಲಿಗೆ ಹಾಕುತ್ತಾರೆ. ಆಗ ಗಜ್ಜರಿಯ ನೀರೂ ಹಾಲಿನ ನೀರೂ ಒಟ್ಟಿಗೆ ಬತ್ತಬೇಕು, ಹಸಿ ವಾಸನೆ ಕೊನೆಯವರೆಗೂ ಉಳಿಯುತ್ತದೆ. ಹುರಿದಾದ ಮೇಲೆ ಬೇರೆ ಒಲೆಯಲ್ಲಿ ಕುದಿಸಿಟ್ಟ ಬಿಸಿ ಹಾಲು ಸುರಿಯಬೇಕು. ಇನ್ನು 35-45 ನಿಮಿಷ ಕಡಾಯಿ ಬಿಟ್ಟು ಹೋಗುವ ಹಾಗಿಲ್ಲ. ಮೊದಲ ಇಪ್ಪತ್ತು ನಿಮಿಷ ಎರಡು ನಿಮಿಷಕ್ಕೊಮ್ಮೆ ಕೆದಕಿದರೆ ಸಾಕು, ಆಮೇಲೆ ಸವಟು ತಳಕ್ಕೆ ತಾಗುತ್ತಲೇ ಇರಬೇಕು. ಅಂಚಿಗೆ ಹತ್ತಿದ ಕೆನೆಯನ್ನು ಆಗಾಗ ಕೆರೆದು ಒಳಗೆ ಹಾಕುತ್ತಿರಬೇಕು. ಹಲ್ವಾದ ರುಚಿ ಕೂತಿರುವುದೇ ಅದರಲ್ಲಿ. ಸವಟಿನಿಂದ ತಳದಲ್ಲಿ ಗೆರೆ ಎಳೆದಾಗ ಹಾಲು ಹರಿದು ಗೆರೆ ಮುಚ್ಚದಿದ್ದರೆ ಈ ಹಂತ ಮುಗಿಯಿತು.

ಸಕ್ಕರೆ ಈಗ. ಇದಕ್ಕಿಂತ ಮೊದಲು ಅಲ್ಲವೇ ಅಲ್ಲ. ಸಕ್ಕರೆ ಬಿದ್ದ ಮೇಲೆ ತರಕಾರಿ ಮೆತ್ತಗಾಗುವುದು ತೀರ ನಿಧಾನವಾಗುತ್ತದೆ, ಅರೆಬೆಂದ ಎಳೆ ಹಾಗೆಯೇ ಗಟ್ಟಿ ಉಳಿಯುತ್ತದೆ. ಸಕ್ಕರೆ ಹಾಕಿದೊಡನೆ ಹಲ್ವಾ ಮತ್ತೆ ನೀರಾಗುತ್ತದೆ, ಹೆದರಬೇಕಿಲ್ಲ. 10-12 ನಿಮಿಷದಲ್ಲಿ ಆ ಪಾಕ ಬತ್ತಿ ಹೊಳಪು ಬರುತ್ತದೆ. ಆಗ ಉಳಿದ 30 ಗ್ರಾಂ ತುಪ್ಪ. ಕೊನೆಗೆ ಉರಿ ಸಣ್ಣ ಮಾಡಿ ಖೋವಾ ಪುಡಿ ಮಾಡಿ ಹಾಕಿ ನಾಲ್ಕೈದು ನಿಮಿಷ. ಜೋರು ಉರಿಯಲ್ಲಿ ಖೋವಾ ಹಾಕಿದರೆ ಅದು ಕೊಬ್ಬನ್ನೆಲ್ಲ ಬಿಟ್ಟು ತುಪ್ಪ ಮೇಲೆ ತೇಲುತ್ತದೆ, ಖೋವಾ ಮಾತ್ರ ಒಣ ಕಾಳಾಗಿ ಉಳಿಯುತ್ತದೆ. ಯಾಲಕ್ಕಿ ಪುಡಿ ಒಲೆ ಆರಿಸಿದ ಮೇಲೆ. ಕಡೆಗೆ ಸುಮಾರು ಒಂದು ಕಿಲೊ ಹಲ್ವಾ ಕೈಗೆ ಬಂತು, ಎಂಟು-ಹತ್ತು ಜನರಿಗೆ ಧಾರಾಳ.

ಮರುದಿನ ಹಲ್ವಾದ ಕೆಳಗೆ ನೀರು ಕೂತರೆ ಸಕ್ಕರೆ ಹಾಕಿದ ಮೇಲೆ ಸರಿಯಾಗಿ ಬತ್ತಿಸಿಲ್ಲ ಎಂದರ್ಥ; ಮತ್ತೆ ಕಡಾಯಿಗೆ ಹಾಕಿ ಐದು ನಿಮಿಷ ಬತ್ತಿಸಿದರೆ ಸರಿಹೋಗುತ್ತದೆ. ಬಣ್ಣ ಕಂದಿದರೆ ಉರಿ ಹೆಚ್ಚಾಗಿದೆ. ಕುಕ್ಕರಿನ ದಾರಿ ಹಿಡಿಯುವವರು ನೀರಿಲ್ಲದೆ, ಒಂದು ಚಮಚ ತುಪ್ಪದೊಂದಿಗೆ ತುರಿಯನ್ನು ಒಂದೇ ಸೀಟಿ ಕೂಗಿಸಿ ತೆಗೆಯಬಹುದು. ಹದಿನೈದು ನಿಮಿಷ ಉಳಿಯುತ್ತದೆ, ಎಳೆಯ ಬಿಗಿ ಸ್ವಲ್ಪ ಹೋಗುತ್ತದೆ. ಮದುವೆ ಮನೆಯ ಅಡುಗೆಗೆ ಸರಿ, ಒಂದು ಕಿಲೊಗೆ ಬೇಡ.

ಸಕ್ಕರೆಯ ಬದಲು ಬೆಲ್ಲ ಹಾಕುವ ಆಸೆ ನಮ್ಮ ಕಡೆ ಸಹಜ. ಬೆಲ್ಲದಲ್ಲಿ ತುಸು ಹುಳಿಯೂ ಲವಣಗಳೂ ಇರುವುದರಿಂದ ಕುದಿವ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ಹಾಲು ಪೂರ್ತಿ ಇಂಗಿದ ಮೇಲೆ, ಒಲೆ ಆರಿಸಿ ಎರಡು ನಿಮಿಷ ಬಿಟ್ಟು, ಸೋಸಿದ ಬೆಲ್ಲದ ಪಾಕ 170 ಗ್ರಾಂ ಬೆರೆಸಿ, ಆಮೇಲೆ ಸಣ್ಣ ಉರಿಯಲ್ಲಿ ಬತ್ತಿಸಿಕೊಂಡರೆ ಒಡೆಯುವುದಿಲ್ಲ. ಬಣ್ಣ ಮಾತ್ರ ಕೆಂಪು ಉಳಿಯದೆ ಕಂದಾಗುತ್ತದೆ.

ಖೋವಾದ ಬದಲು ಧಾರವಾಡ ಪೇಡೆ ಪುಡಿ ಮಾಡಿ ಹಾಕಿದರೆ ಹೇಗೆ ಎಂಬುದು ಈ ಊರಲ್ಲಿ ಯಾರಿಗಾದರೂ ಹೊಳೆಯುವ ಪ್ರಶ್ನೆ. ಹಾಕಿ ನೋಡಿದ್ದಾಗಿದೆ. 150 ಗ್ರಾಂ ಪೇಡೆ ಹಾಕಿ ಸಕ್ಕರೆ 100 ಗ್ರಾಂಗೆ ಇಳಿಸಿದಾಗ ಹಲ್ವಾ ಕೂಡಿತು. ಆದರೆ ಪೇಡೆಯ ಖೋವಾ ಸಕ್ಕರೆಯ ಜೊತೆ ಮೊದಲೇ ಕಂದಗೆ ಹುರಿದದ್ದು, ಆ ಪರಿಮಳದ ಮುಂದೆ ಗಜ್ಜರಿ ಸೋಲುತ್ತದೆ. ಬಡಿಸುವಾಗ ಮೇಲೆ ಅರ್ಧ ಪೇಡೆ ಪುಡಿ ಉದುರಿಸುವುದೇ ಸರಿ. ಅಂದಹಾಗೆ ಈ ಪೇಡೆಯೂ ಉತ್ತರದಿಂದಲೇ ಬಂದದ್ದು. ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದು ಧಾರವಾಡದಲ್ಲಿ ನೆಲೆಸಿದ ಠಾಕೂರ್ ಮನೆತನ ಇಲ್ಲಿಯ ಎಮ್ಮೆ ಹಾಲಿನಿಂದ ಮಾಡಿ ಈ ಊರಿನದನ್ನಾಗಿಸಿತು. ಉತ್ತರದ ಸಿಹಿಯನ್ನು ಇಲ್ಲಿಯ ಸಾಮಾನಿಗೆ ಒಗ್ಗಿಸುವುದಕ್ಕೆ ಅದಕ್ಕಿಂತ ದೊಡ್ಡ ಮಾದರಿ ನಮ್ಮ ಕಣ್ಣ ಮುಂದಿಲ್ಲ.

ಅಂಟಿನ ಉಂಡಿ

ಗೋಂದ್ ಲಡ್ಡುವಿನಲ್ಲಿ ಉತ್ತರದ ರೆಸಿಪಿಗೂ ನಮ್ಮ ಹವೆಗೂ ನೇರ ಜಗಳ. ಅವರ ಲಡ್ಡು ನಿಂತಿರುವುದು ಗೋಧಿಹಿಟ್ಟು ಮತ್ತು ತುಪ್ಪದ ಮೇಲೆ: 250 ಗ್ರಾಂ ಹಿಟ್ಟಿಗೆ 180 ಗ್ರಾಂನಷ್ಟು ತುಪ್ಪ, 60 ಗ್ರಾಂ ಅಂಟು, 180 ಗ್ರಾಂ ಬೂರಾ ಸಕ್ಕರೆ (ಪಾಕ ಮಾಡಿ ಒಣಗಿಸಿ ಪುಡಿ ಮಾಡಿದ ಸಕ್ಕರೆ). ದಿಲ್ಲಿಯ ಚಳಿಯಲ್ಲಿ ತುಪ್ಪ ಗಟ್ಟಿಯಾಗಿ ಉಂಡಿಯನ್ನು ಹಿಡಿದಿಡುತ್ತದೆ. ಇಲ್ಲಿ ಬೆಳಿಗ್ಗೆ ಕಟ್ಟಿದ ಉಂಡಿ ಮಧ್ಯಾಹ್ನ ಎರಡಕ್ಕೆ ತಳ ಅಗಲಿಸಿಕೊಂಡು ಕೂರುತ್ತದೆ, ಎತ್ತಿದರೆ ಬೆರಳು ಒಳಹೋಗುತ್ತದೆ. ತುಪ್ಪವನ್ನು 140 ಗ್ರಾಂಗೆ ಇಳಿಸಿ, ಬೂರಾ ಬದಲು 180 ಗ್ರಾಂ ಬೆಲ್ಲವನ್ನು ಅದೇ ತುಪ್ಪದ ಒಂದು ಪಾಲಿನಲ್ಲಿ ಕರಗಿಸಿ, ನೊರೆ ಬಂದ ತಕ್ಷಣ ಇಳಿಸಿ ಬೆರೆಸಿದಾಗ ಉಂಡಿ ನಿಂತಿತು. ಹಿಟ್ಟನ್ನು ಸಣ್ಣ ಉರಿಯಲ್ಲಿ 18-20 ನಿಮಿಷ ಹುರಿಯದಿದ್ದರೆ ಅಂಗುಳಿಗೆ ಹತ್ತುತ್ತದೆ. ಬೂರಾ ಸಕ್ಕರೆಯನ್ನೇ ಬಳಸುವವರು ಹಿಟ್ಟು ಬೆರಳು ತಾಳುವಷ್ಟು ಆರಿದ ಮೇಲೆ ಹಾಕಬೇಕು, ಬಿಸಿಯಲ್ಲಿ ಹಾಕಿದರೆ ಅದು ಕರಗಿ ಮುದ್ದೆ ಹರಿಯುತ್ತದೆ.

ಆದರೆ ನಮ್ಮ ಸೀಮೆಗೆ ಅಂಟಿನ ಉಂಡಿ ಹೊಸದಲ್ಲ. ಬಾಣಂತಿಗೆ ಕಟ್ಟುವ ಉಂಡಿಯಲ್ಲಿ, ಗೋಕಾಕ ಮತ್ತು ಅಮೀನಗಡದ ಕರದಂಟಿನಲ್ಲಿ ಹಿಟ್ಟೇ ಇಲ್ಲ. ಒಣ ಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲದ ಪಾಕ. ಕಟ್ಟುವುದು ಪಾಕವೇ ಹೊರತು ತುಪ್ಪವಲ್ಲ, ಹಾಗಾಗಿ ಬಿಸಿಲಿಗೂ ಜಗ್ಗುವುದಿಲ್ಲ. ಬಾಣಸಿಗರಿಂದ ಇಲ್ಲಿ ಕಲಿಯಬೇಕಾದದ್ದು ಅಂಟು ಅರಳಿಸುವ ಶಿಸ್ತು, ಉಳಿದದ್ದು ನಮ್ಮ ಮನೆಯದೇ ಚೆಂದ.

ಸಾಮಾನು: ಒಣ ಕೊಬ್ಬರಿ ತುರಿ 250 ಗ್ರಾಂ, ಬೀಜ ತೆಗೆದ ಉತ್ತತ್ತಿ 250, ಅಂಟು 100, ಗೋಡಂಬಿ 100, ಬದಾಮಿ 100, ಒಣದ್ರಾಕ್ಷಿ 50, ಗಸಗಸೆ 25, ಬೆಲ್ಲ 300, ತುಪ್ಪ 120 ಗ್ರಾಂ. ಅರ್ಧ ಜಾಜಿಕಾಯಿ, 8 ಯಾಲಕ್ಕಿ. 35 ಗ್ರಾಂ ತೂಕದ ಸುಮಾರು 35 ಉಂಡಿ ಆಗುತ್ತವೆ.

ಅಂಗಡಿಯಲ್ಲಿ ಅಂಟು ಕೇಳುವಾಗ ಎಚ್ಚರ ಬೇಕು. ತುಪ್ಪದಲ್ಲಿ ಅರಳುವುದು ಜೇನುಬಣ್ಣದ, ಗಾಜಿನ ಹಾಗೆ ಹೊಳೆಯುವ ಹರಳು. ಅದರ ಪಕ್ಕದಲ್ಲೇ ಮಾರುವ ಬಿಳಿಚಿದ, ಮಬ್ಬು ತುಂಡುಗಳ ಗೋಂದ್ ಕತೀರಾ ಬೇರೆ ಗಿಡದ್ದು. ಅದು ನೀರಿನಲ್ಲಿ ಉಬ್ಬಿ ಲೋಳೆಯಾಗುವಂಥದು, ಬೇಸಿಗೆ ಶರಬತ್ತಿಗೆ ಹಾಕುವುದು. ತುಪ್ಪಕ್ಕೆ ಹಾಕಿದರೆ ಅರಳುವುದಿಲ್ಲ, ಅಷ್ಟೂ ತುಪ್ಪ ಹಾಳು.

ತಂದ ಅಂಟನ್ನು ಬಿಸಿಲಲ್ಲಿ ಒಂದೆರಡು ತಾಸು ಒಣಗಿಸಿ, ದೊಡ್ಡ ಹರಳನ್ನು ಕುಟ್ಟಿ ಕಡಲೆಕಾಳಿನ ಗಾತ್ರಕ್ಕೆ ತರಬೇಕು. ದೊಡ್ಡದು ಉಳಿದರೆ ಮೇಲೆ ಅರಳಿ ಒಳಗೆ ಕಲ್ಲಾಗಿರುತ್ತದೆ, ಹಲ್ಲಿಗೆ ಅಂಟಿದರೆ ಬಿಡಿಸುವುದು ಕಷ್ಟ. ಸಣ್ಣ ಆಳದ ಕಡಾಯಿಯಲ್ಲಿ ತುಪ್ಪ ಕಾಯಿಸಿ ಒಂದು ಹರಳು ಹಾಕಿ ನೋಡಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ತುಪ್ಪ ತಣ್ಣಗಿದೆ, ಹರಳು ಕರಗಿ ತಳಕ್ಕೆ ಮೆತ್ತಿಕೊಳ್ಳುತ್ತದೆ. ಬಿದ್ದ ಕೂಡಲೇ ಕಂದಾದರೆ ಉರಿ ಹೆಚ್ಚಾಯಿತು. ಎರಡು ಸೆಕೆಂಡಿನಲ್ಲಿ ಮೇಲೆದ್ದು ಮೂರ್ನಾಲ್ಕು ಪಟ್ಟು ಉಬ್ಬಿ ಬೆಳ್ಳಗಾದರೆ ಹದ. ಒಂದು ಸಲಕ್ಕೆ ಎರಡು ದೊಡ್ಡ ಚಮಚಕ್ಕಿಂತ ಹೆಚ್ಚು ಹಾಕಬಾರದು. ಹೆಚ್ಚು ಹಾಕಿದರೆ ತುಪ್ಪದ ಬಿಸಿ ಇಳಿದು ಅರ್ಧ ಅರಳುತ್ತದೆ. ಪ್ರತಿ ಸಲಕ್ಕೆ 30-40 ಸೆಕೆಂಡು. ತೆಗೆದದ್ದನ್ನು ಬಟ್ಟಲಿನ ತಳದಿಂದ ಒತ್ತಿದರೆ ಕರಕರ ಪುಡಿಯಾಗಬೇಕು, ಗಟ್ಟಿ ಕಾಳು ತಾಗಿದರೆ ಅದನ್ನು ಮತ್ತೆ ತುಪ್ಪಕ್ಕೆ ಹಾಕಬೇಕು.

ಉಳಿದ ತುಪ್ಪದಲ್ಲೇ ಗೋಡಂಬಿ, ಬದಾಮಿ, ದ್ರಾಕ್ಷಿ ಹುರಿದು ತರಿಯಾಗಿ ಕತ್ತರಿಸುವುದು. ಕೊಬ್ಬರಿ ಮತ್ತು ಗಸಗಸೆಯನ್ನು ತುಪ್ಪವಿಲ್ಲದೆ, ಬೇರೆಬೇರೆಯಾಗಿ, ಬಿಸಿ ತಾಗುವಷ್ಟೇ ಹುರಿಯಬೇಕು. ಕೊಬ್ಬರಿ ಕೆಂಪಾದರೆ ಉಂಡಿ ಬೇಗ ಮುಗ್ಗುತ್ತದೆ. ಉತ್ತತ್ತಿಯನ್ನು ಚೂರು ಮಾಡಿ ಒಂದು ದಿನ ಬಿಸಿಲಿಗಿಟ್ಟು, ಆಮೇಲೆ ಮಿಕ್ಸರಿನಲ್ಲಿ ತಡೆತಡೆದು ತಿರುವಬೇಕು. ಒಂದೇ ಸಮನೆ ತಿರುವಿದರೆ ಬಿಸಿಗೆ ಅಂಟಾಗಿ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ.

ಈಗ ಪಾಕ. ಇಲ್ಲೊಂದು ಲೆಕ್ಕ ಗೊತ್ತಿರಬೇಕು. ಥರ್ಮಾಮೀಟರ್ ಹಿಡಿದು ಅಡುಗೆ ಕಲಿಸುವವರು ಉಂಡಿ ಪಾಕಕ್ಕೆ 112ರಿಂದ 116 ಡಿಗ್ರಿ ಎನ್ನುತ್ತಾರೆ. ಅದು ಸಮುದ್ರಮಟ್ಟದ ಲೆಕ್ಕ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುವುದರಿಂದ ಇಲ್ಲಿ ನೀರು ಕುದಿಯುವುದು 97-98 ಡಿಗ್ರಿಗೆ. ಪಾಕದ ಅಂಕಿಯಿಂದಲೂ ಎರಡೂವರೆ ಡಿಗ್ರಿ ಕಳೆಯಬೇಕು. ಪುಸ್ತಕದ 116ಕ್ಕೇ ಕಾದರೆ ಪಾಕ ಒಂದು ಹದ ಮುಂದೆ ಹೋಗಿ ಉಂಡಿ ಕಲ್ಲಾಗುತ್ತದೆ. ಥರ್ಮಾಮೀಟರ್ ಇಲ್ಲದವರಿಗೆ ಹಳೆಯ ಪರೀಕ್ಷೆಯೇ ನಿಖರ: ತಣ್ಣೀರ ಬಟ್ಟಲಿಗೆ ಹನಿ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಮೆತ್ತಗಿನ ಗುಂಡು ಆಗಬೇಕು, ಒತ್ತಿದರೆ ಚಪ್ಪಟೆಯಾಗಬೇಕು. ಈ ಪರೀಕ್ಷೆ ಎತ್ತರದ ಊರಿಗೂ ಸಮುದ್ರದಂಡೆಗೂ ಒಂದೇ.

300 ಗ್ರಾಂ ಬೆಲ್ಲಕ್ಕೆ 3 ದೊಡ್ಡ ಚಮಚ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಗಿಟ್ಟರೆ ಐದಾರು ನಿಮಿಷದಲ್ಲಿ ಹದ ಬರುತ್ತದೆ. ಮಹಾಲಿಂಗಪುರದ ಕಡೆಯಿಂದ ಬರುವ ಬೆಲ್ಲದಲ್ಲಿ ಗಟ್ಟಿಯಾಗಿ ಒಡೆಯುವುದನ್ನು ಆರಿಸಬೇಕು. ತೀರ ಹಳದಿಯಾಗಿ, ಉಪ್ಪು ರುಚಿ ಬರುವ ಬೆಲ್ಲ ಪಾಕಕ್ಕೆ ಬೇಡ, ಬಣ್ಣ ತಿಳಿಮಾಡಲು ರಾಸಾಯನಿಕ ಬಿದ್ದಿರಬಹುದು. ಪಾಕ ಇಳಿಸಿ ಒಣ ಸಾಮಾನೆಲ್ಲ ಹಾಕಿ, ಜಾಜಿಕಾಯಿ ತುರಿದು, ಯಾಲಕ್ಕಿ ಬೆರೆಸಿ, ಅಂಟನ್ನು ಎಲ್ಲದಕ್ಕಿಂತ ಕೊನೆಗೆ ಹಾಕಬೇಕು. ಅಂಟಿನ ಅರ್ಧ ಪುಡಿಯಾಗಿ, ಅರ್ಧ ಇಡಿಯಾಗಿ ಇದ್ದರೆ ತಿನ್ನುವಾಗ ಕುರುಕು ಸಿಗುತ್ತದೆ. ಕಟ್ಟಲು ಏಳೆಂಟು ನಿಮಿಷ ಮಾತ್ರ ಸಿಗುತ್ತದೆ, ಆದ್ದರಿಂದ ಇನ್ನೊಬ್ಬರ ಕೈ ಜೊತೆಗಿರುವುದು ಒಳ್ಳೆಯದು. ಮಿಶ್ರಣ ಆರಿ ಉದುರಿದರೆ ನೀರು ಚಿಮುಕಿಸಬಾರದು, ಬೂಷ್ಟು ಹಿಡಿಯುತ್ತದೆ. ಕಡಾಯಿಯನ್ನು ಬಿಸಿನೀರ ಪಾತ್ರೆಯ ಮೇಲಿಟ್ಟರೆ ಪಾಕ ಮತ್ತೆ ಸಡಿಲಾಗುತ್ತದೆ.

ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ. ಒದ್ದೆ ಕೈ ಸೋಕದಿದ್ದರೆ ಮೂರು ವಾರ ಚೆನ್ನಾಗಿರುತ್ತವೆ. ಆಮೇಲೆ ಕೆಡುವುದು ಮೊದಲು ಕೊಬ್ಬರಿ.

ಹೆಸರುಬೇಳೆ ಹಲ್ವಾ

ಇದು ತೋಳಿನ ಕೆಲಸ. 250 ಗ್ರಾಂ ಹೆಸರುಬೇಳೆಯನ್ನು ಮೂರು ತಾಸು ನೆನೆಸಿದರೆ ಸಾಕು. ರಾತ್ರಿಯಿಡೀ ನೆನೆಸಿದರೆ ಹಿಟ್ಟು ಅಂಟಂಟಾಗಿ ಕಡಾಯಿ ಬಿಡುವುದಿಲ್ಲ. ನೀರು ಬಸಿದು ಬಟ್ಟೆಯ ಮೇಲೆ ಇಪ್ಪತ್ತು ನಿಮಿಷ ಹರವಿ, ನೀರು ಹಾಕದೆ ರವೆಯಂತೆ ತರಿಯಾಗಿ ರುಬ್ಬಬೇಕು. 200 ಗ್ರಾಂ ತುಪ್ಪದಲ್ಲಿ 150 ಗ್ರಾಂ ಮೊದಲು ಕಾಯಿಸಿ, ಅದರಲ್ಲಿ ಒಂದು ದೊಡ್ಡ ಚಮಚ ರವೆ ಹುರಿದು ಆಮೇಲೆ ಬೇಳೆ ಹಾಕುವುದು ಬಾಣಸಿಗರು ತೋರಿಸುವ ಉಪಾಯ. ರವೆಯ ಕಾಳು ನಡುವೆ ಬಂದು ಬೇಳೆ ತಳಕ್ಕೆ ಹತ್ತದಂತೆ ತಡೆಯುತ್ತದೆ, ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಮೊದಲ ಹದಿನೈದು ನಿಮಿಷ ಹಿಟ್ಟು ಗಂಟುಗಂಟಾಗಿ ತುಪ್ಪವನ್ನೆಲ್ಲ ಕುಡಿದು ಕೂರುತ್ತದೆ. ಹೆಚ್ಚಿನವರು ಇಲ್ಲೇ ಕೈಸೋತು ಇನ್ನಷ್ಟು ತುಪ್ಪ ಸುರಿಯುತ್ತಾರೆ. ಸುರಿಯಬೇಡಿ. ಬೇಳೆಯ ನೀರು ಆವಿಯಾಗುತ್ತ ಬಂದಂತೆ ಆ ತುಪ್ಪ ತಾನೇ ಹೊರಬರುತ್ತದೆ. ಸಣ್ಣ-ಮಧ್ಯಮ ಉರಿಯಲ್ಲಿ ಒಟ್ಟು 35-40 ನಿಮಿಷ ಹುರಿದ ಮೇಲೆ ಕಾಳು ಬಿಡಿಬಿಡಿಯಾಗಿ ಹೊಂಬಣ್ಣಕ್ಕೆ ಬಂದು ತುಪ್ಪ ಅಂಚಿನಲ್ಲಿ ಹೊಳೆಯಿತು. ಆಗ 500 ಮಿ.ಲೀ. ಹಾಲು, 250 ಮಿ.ಲೀ. ನೀರು ಸೇರಿಸಿ ಕುದಿಸಿದ್ದನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಸಿಡಿಯುತ್ತದೆ, ಉದ್ದ ಹಿಡಿಯ ಸವಟು ಬೇಕು. ದ್ರವ ಪೂರ್ತಿ ಇಂಗಿ ಕಾಳು ಉಬ್ಬಿದ ಮೇಲೆ 230 ಗ್ರಾಂ ಸಕ್ಕರೆ. ಮೊದಲೇ ಸಕ್ಕರೆ ಹಾಕಿದರೆ ಕಾಳು ನೀರು ಹೀರದೆ ಚುರುಟಿ ಉಳಿಯುತ್ತದೆ. ಉಳಿದ ತುಪ್ಪ ಹಾಕಿ, ಎರಡನೇ ಸಲ ತುಪ್ಪ ಬಿಟ್ಟಾಗ ಇಳಿಸುವುದು. ಸಣ್ಣ ವಾಟಗದಲ್ಲಿ, ಬಿಸಿಬಿಸಿಯಾಗಿಯೇ ಕೊಡಬೇಕು.

ಎಳ್ಳಿನ ಚಿಕ್ಕಿ

ಸಂಕ್ರಾಂತಿಯ ಸಜ್ಜಿ ರೊಟ್ಟಿಗೆ ಎಳ್ಳು ತಂದ ಮನೆಯಲ್ಲಿ ಇದಕ್ಕೆ ಬೇರೆ ತಯಾರಿ ಬೇಕಿಲ್ಲ. 200 ಗ್ರಾಂ ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ, ಚಟಪಟ ಶುರುವಾಗುವವರೆಗೆ ಮಾತ್ರ ಹುರಿದು ಕೂಡಲೇ ತಾಟಿಗೆ ಸುರಿಯಬೇಕು. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಕಹಿಯಾಗುತ್ತದೆ. 190 ಗ್ರಾಂ ಬೆಲ್ಲ, ಒಂದು ಚಮಚ ನೀರು, ಒಂದು ಚಮಚ ತುಪ್ಪ. ಇಲ್ಲಿಯ ಪಾಕ ಉಂಡಿಯದಲ್ಲ, ಗಟ್ಟಿ ಪಾಕ. ನೀರಿಗೆ ಬಿಟ್ಟ ಹನಿ ಟಕ್ಕೆಂದು ಮುರಿಯಬೇಕು. ಹಲ್ಲಿಗೆ ಅಂಟುವ ಚಿಕ್ಕಿ ಎಂದರೆ ಪಾಕ ಅರ್ಧ ನಿಮಿಷ ಮೊದಲೇ ಇಳಿದಿದೆ; ಕಹಿ ಎಂದರೆ ಅರ್ಧ ನಿಮಿಷ ತಡ. ಎಳ್ಳು ಬೆಚ್ಚಗಿರಬೇಕು, ತಣ್ಣಗಿದ್ದರೆ ಪಾಕ ತಕ್ಷಣ ಗಟ್ಟಿಯಾಗಿ ಲಟ್ಟಿಸಲು ಬರುವುದಿಲ್ಲ. ತುಪ್ಪ ಸವರಿದ ಮಣೆ, ತುಪ್ಪ ಸವರಿದ ಲಟ್ಟಣಿಗೆ ಮೊದಲೇ ಸಿದ್ಧವಿರಲಿ. 3-4 ಮಿ.ಮೀ. ದಪ್ಪಕ್ಕೆ ಒಂದೂವರೆ ನಿಮಿಷದೊಳಗೆ ಲಟ್ಟಿಸಿ, ಬಿಸಿಯಿರುವಾಗಲೇ ಗೆರೆ ಕೊಯ್ಯಬೇಕು. ನಮ್ಮ ಒಣ ಚಳಿ ಚಿಕ್ಕಿಗೆ ಹೇಳಿ ಮಾಡಿಸಿದ್ದು, ಮಳೆಗಾಲದಲ್ಲಿ ಮಾಡಿದ್ದು ಎರಡೇ ದಿನಕ್ಕೆ ಜಿಗುಟಾಗುತ್ತದೆ.

ಟೊಮೆಟೊ ಸೂಪು

ಇಷ್ಟು ಸಿಹಿಯ ನಡುವೆ ಸಂಜೆಗೊಂದು ಖಾರ ಬೇಕು. ಬಾಣಸಿಗರು ಟೊಮೆಟೊವನ್ನು ಓವನ್ನಿನಲ್ಲಿ ಸುಡುತ್ತಾರೆ. ಕಬ್ಬಿಣದ ರೊಟ್ಟಿ ಹಂಚಿನ ಮೇಲೆ ಅರ್ಧ ಸೀಳಿ ಬೋರಲಿಟ್ಟು ಮಧ್ಯಮ ಉರಿಯಲ್ಲಿ 12 ನಿಮಿಷ ಬಿಟ್ಟರೂ ಸಿಪ್ಪೆ ಕಪ್ಪಾಗಿ ಅದೇ ಹೊಗೆಯ ರುಚಿ ಬರುತ್ತದೆ. 750 ಗ್ರಾಂ ಟೊಮೆಟೊ, ಒಂದು ಉಳ್ಳಾಗಡ್ಡಿ, ಐದು ಎಸಳು ಬೆಳ್ಳುಳ್ಳಿ, 60 ಗ್ರಾಂ ಗಜ್ಜರಿ, 20 ಗ್ರಾಂ ಬೆಣ್ಣೆ. ಗಜ್ಜರಿ ಸೂಪಿಗೆ ಮೈ ಕೊಡುವುದರಿಂದ ಕಾರ್ನ್‌ಫ್ಲೋರ್ ಬೇಕಿಲ್ಲ. ಬಣ್ಣಕ್ಕೆ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಎರಡು, ಬೀಜ ತೆಗೆದು ಬಿಸಿನೀರಲ್ಲಿ ನೆನೆಸಿ ರುಬ್ಬಿದ್ದು. ಖಾರ ಕಡಿಮೆ, ಕೆಂಪು ಹೆಚ್ಚು. ಯಾವ ಬಣ್ಣದ ಪುಡಿಯೂ ಇದರ ಹತ್ತಿರ ಬರುವುದಿಲ್ಲ. ಎಲ್ಲವನ್ನೂ ಬೆಣ್ಣೆಯಲ್ಲಿ ಬಾಡಿಸಿ, 400 ಮಿ.ಲೀ. ನೀರಲ್ಲಿ 15 ನಿಮಿಷ ಬೇಯಿಸಿ, ರುಬ್ಬಿ, ಸೋಸಿ, ಕರಿಮೆಣಸು ಉಪ್ಪು ಹಾಕುವುದು. ಜವಾರಿ ಟೊಮೆಟೊ ಹುಳಿ ಜಾಸ್ತಿ, ಅದಕ್ಕೆ ಒಂದು ಚಮಚ ಬೆಲ್ಲ ಬೇಕು. ಹೈಬ್ರಿಡ್ ಕಾಯಿಗೆ ಅರ್ಧ ಚಮಚವೂ ಹೆಚ್ಚು.

ಕೆನೆ ಹಾಕುವುದಾದರೆ ಒಲೆ ಆರಿಸಿದ ಮೇಲೆ, ಎರಡು ಸವಟು ಸೂಪನ್ನು ಕೆನೆಗೆ ಬೆರೆಸಿ ಬೆಚ್ಚಗಾಗಿಸಿ, ಆಮೇಲೆ ಪಾತ್ರೆಗೆ ಸುರಿಯಬೇಕು. ಕುದಿವ ಹುಳಿಗೆ ತಣ್ಣನೆ ಕೆನೆ ಬಿದ್ದರೆ ಒಡೆದು ಚೂರುಚೂರಾಗುತ್ತದೆ. ಕರಿದ ಬ್ರೆಡ್ ತುಂಡಿನ ಬದಲು ಖಡಕ್ ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಬೆಣ್ಣೆ ಸವರಿ ಬಿಸಿ ಮಾಡಿ ಮುರಿದು ಹಾಕಿದರೆ ಸೂಪಿಗೆ ಅದೇ ಹೆಚ್ಚು ಒಪ್ಪುತ್ತದೆ. ಬಟ್ಟಲು ಕೈಗೆ ಕೊಡುವ ಹೊತ್ತಿಗೇ ಹಾಕಬೇಕು, ಎರಡು ನಿಮಿಷ ಮೊದಲು ಹಾಕಿದರೂ ನೆನೆದು ಮೆತ್ತಗಾಗುತ್ತದೆ.